ಠೇವಣಿ ಕೊಟ್ಟು ವಾನಪ್ರಸ್ಥ

(ಬಸವೇಶ್ವರನಗರದ ಪಾರ್ಕು. ಬೆಳಗಿನ ವಾಕಿಂಗ್ ಮುಗಿದಿದೆ, ಮಾತು ಮುಗಿದಿಲ್ಲ.)

"ಏನ್ರೀ ಗೌಡ್ರೇ, ಕೆಂಗೇರಿ ಕಡೆ ಹಿರಿಯರ ಅಪಾರ್ಟ್‌ಮೆಂಟ್ ನೋಡಿ ಬಂದ್ರಂತೆ?"

"ಬಂದೆ ರಾಯರೇ. ಬಾತ್‌ರೂಮಲ್ಲಿ ಹಿಡಿಕೆ, ಮಂಚದ ಪಕ್ಕ ತುರ್ತು ಗಂಟೆ, ಉಪ್ಪಿಲ್ಲದ ಸಾರು. ಠೇವಣಿ ಎಷ್ಟು ಅಂದ ತಕ್ಷಣ ಆ ಗಂಟೆ ನಾನೇ ಒತ್ತೋ ಹಂಗಾಯ್ತು."

"ತಿಂಗಳ ಮೇಂಟೆನೆನ್ಸು?"

"ಬೇರೆ! ಅದರ ಮೇಲೆ ಶೇ. 18 ಜಿಎಸ್‌ಟಿ."

"2007ರ ಕಾನೂನಲ್ಲಿ ಮಕ್ಕಳಿಂದ ಜೀವನಾಂಶ ಕೇಳಬಹುದಲ್ಲ?"

"ತಿಂಗಳಿಗೆ ಹೆಚ್ಚೆಂದರೆ 10,000. ಅಷ್ಟಕ್ಕೆ ಅಲ್ಲಿ ನನ್ನ ಚಪ್ಪಲಿ ಇಟ್ಕೋತಾರೆ, ನನ್ನನ್ನಲ್ಲ."

"ರಾಜಾಜಿನಗರದ ಮನೆ ಮಾರ್‍ಬಿಡಿ ಮತ್ತೆ."

"ಹಂಗಂತ ಅಮೆರಿಕಕ್ಕೆ ಫೋನ್ ಮಾಡ್ದೆ. ಮೂರು ವರ್ಷದಿಂದ ರಜೆ ಸಿಗದ ಮಗ ನಾಳೇನೇ ವಿಮಾನ ಹತ್ತುತ್ತಾನಂತೆ!"