ಜಿಪ್ಪಿನ ಪರವಾಗಿ ಎರಡು ಮಾತು

ಸಾಫ್ಟ್‌ವೇರ್ ಬರೆದವರಿಗೆ ಅದನ್ನು ಬರೆದದ್ದಕ್ಕಿಂತ, ಎಷ್ಟು ಚಿಕ್ಕದಾಗಿ ಅದುಮಿ ಕಳಿಸಿದೆ ಎಂಬ ಜಂಬವೇ ಜಾಸ್ತಿ. "ಸೆವೆನ್‌ಜಿಪ್ ಮಾಡಿದ್ದೀನಿ ಸಾರ್, ಅರ್ಧಕ್ಕರ್ಧ ಇಳಿದಿದೆ!" ಎನ್ನುತ್ತಾರೆ. ಆ ಕಡೆಯವರು ಎರಡು ಸಲ ಕ್ಲಿಕ್ಕಿಸಿ, ಏನೂ ತೆರೆಯದೆ ಫೋನ್ ಮಾಡುತ್ತಾರೆ. ಎಂಬಿಯಲ್ಲಿ ಉಳಿಸಿದ್ದು ಮಾತಿನಲ್ಲಿ ಖರ್ಚು.

ಹಾಗೆಂದು ಸೆವೆನ್‌ಜಿಪ್ ಕಳಪೆಯಲ್ಲ. ಇಗೊರ್ ಪಾವ್ಲೊವ್ 1999ರಲ್ಲಿ ಹೊರತಂದ ಅದು ಪುಕ್ಕಟೆ. ಫೈಲುಗಳನ್ನೆಲ್ಲ ಸಾಲಾಗಿ ಜೋಡಿಸಿ ಒಟ್ಟಿಗೇ ಹಿಂಡುವುದರಿಂದ ಜಿಪ್‌ಗಿಂತ ಸಾಮಾನ್ಯವಾಗಿ ಚಿಕ್ಕದಾಗುತ್ತದೆ. ಯೂಜೀನ್ ರೋಷಲ್ ಅವರ ರಾರ್ ಕೂಡ ಹಿಂಡುವುದರಲ್ಲಿ ಗಟ್ಟಿಗ. ಆದರೆ ಬಿಚ್ಚುವುದು ಬಿಟ್ಟಿ, ಕಟ್ಟುವುದಕ್ಕೆ ಲೈಸೆನ್ಸ್. ರಾರ್ ಕಟ್ಟುವ ತಂತ್ರಾಂಶ ವಿನ್‌ರಾರ್‌ನ 40 ದಿನಗಳ ಪ್ರಯೋಗದ ಗಡುವು ಮುಗಿದ ಮೇಲೂ ಅದು ಕೆಲಸ ಮಾಡುತ್ತಲೇ ಇರುತ್ತದೆ, ಆಗಾಗ ವಿನಯದಿಂದ ನೆನಪಿಸುತ್ತದೆ ಅಷ್ಟೆ. ಬಾಡಿಗೆ ಕೇಳಲು ಇಷ್ಟು ನಾಚುವ ಮನೆಯೊಡೆಯರು ಬೆಂಗಳೂರಿನಲ್ಲಂತೂ ಸಿಗಲಾರರು.

ಲಿನಕ್ಸ್‌ನವರು ಟಾರ್ ಬಿಡುವುದಿಲ್ಲ. ಅದು ಟೇಪಿಗೆ ಬರೆಯುತ್ತಿದ್ದ ಕಾಲದ ಪಳೆಯುಳಿಕೆ. ಜೋಡಿಸುತ್ತದೆಯೇ ಹೊರತು ಹಿಂಡುವುದಿಲ್ಲ. ಹಿಂಡಲು 1992ರ ಜಿಜಿಪ್‌ನಂಥದ್ದೊಂದು ಬೇಕು. ಯಾವ ಫೈಲನ್ನು ಯಾರು ಓಡಿಸಬಹುದು ಎಂಬ ಅನುಮತಿಯನ್ನೂ ಟಾರ್ ನೆನಪಿಟ್ಟುಕೊಳ್ಳುತ್ತದೆ. ಅದರ ಆಜ್ಞೆಯ ಅಕ್ಷರಗಳನ್ನು ನೆನಪಿಟ್ಟುಕೊಳ್ಳುವುದು ಮಾತ್ರ ಬಳಸುವವರ ಕರ್ಮ.

ಇನ್ನು ಜಿಪ್. ಫಿಲ್ ಕಾಟ್ಜ್ 1989ರಲ್ಲಿ ಮಾಡಿದ್ದು. ಇಂದಿಗೂ ಜಿಪ್ ಫೈಲಿನ ಒಳಹೊಕ್ಕರೆ ಆರಂಭದಲ್ಲೇ ಅವರ ಇನಿಷಿಯಲ್ಲು 'ಪಿಕೆ' ಕಾಣುತ್ತದೆ. ನಿಮ್ಮ ವರ್ಡ್‌ನ ಡಾಕ್ಸ್, ಮೊಬೈಲಿನ ಎಪಿಕೆ, ಇ-ಪುಸ್ತಕದ ಇಪಬ್, ಎಲ್ಲವೂ ವೇಷ ಬದಲಿಸಿದ ಜಿಪ್ಪುಗಳೇ. ದೋಷ ಇಲ್ಲವೆಂದಲ್ಲ. ಪರಿವಿಡಿ ಫೈಲಿನ ಕೊನೆಯಲ್ಲಿರುವುದರಿಂದ ಡೌನ್‌ಲೋಡ್ ಶೇಕಡಾ 99ಕ್ಕೆ ನಿಂತುಬಿಟ್ಟರೆ, ಇದು ಫೈಲೇ ಅಲ್ಲ ಎಂದು ಕಂಪ್ಯೂಟರ್ ಕೈತೊಳೆದುಕೊಳ್ಳುತ್ತದೆ. ಹಳೆಯ ಜಿಪ್ ತಂತ್ರಾಂಶಗಳಿಗೆ ಯೂನಿಕೋಡ್ ಗೊತ್ತಿರದೆ, ಕನ್ನಡದಲ್ಲಿ ಹೆಸರಿಟ್ಟ ಫೈಲು ಆಚೆ ಬರುವಾಗ ವಿಚಿತ್ರ ಗೀಟುಗಳಾಗಿ ಬರುತ್ತಿತ್ತು.

ಆದರೂ ವಿಂಡೋಸಿರಲಿ, ಮ್ಯಾಕ್ ಇರಲಿ, ಮೊಬೈಲೇ ಇರಲಿ, ಬೇರೇನನ್ನೂ ಹಾಕಿಕೊಳ್ಳದೆ ತೆರೆಯುವುದು ಜಿಪ್ಪೇ. ವಿಂಡೋಸ್ 11 ಈಗೀಗ ರಾರ್, ಸೆವೆನ್‌ಜಿಪ್‌ಗಳನ್ನೂ ಬಿಚ್ಚುತ್ತದೆ, ಹಳೆಯ ಯಂತ್ರಗಳಿಗೆ ಆ ಭಾಗ್ಯವಿಲ್ಲ. ಲಿನಕ್ಸ್‌ನವರಿಗೆ ಟಾರ್ ಕಳಿಸಿ, ಉಳಿದವರಿಗೆ ಜಿಪ್ ಸಾಕು. ಯಾವುದನ್ನೇ ಕಳಿಸಿ, ಪಾಸ್‌ವರ್ಡ್ ಬರೆದ ಚೀಟಿಯನ್ನು ದಯವಿಟ್ಟು ಅದೇ ಬೀಗದ ಒಳಗೆ ಇಡಬೇಡಿ.