ಎತ್ತಿದ ಜೀಪು, ಕಿತ್ತ ಬ್ರಾಕೆಟ್ಟು

ಮಲೆನಾಡಿನಲ್ಲಿ ಹಳೇ ಜೀಪು ಇಟ್ಟುಕೊಂಡವರಿಗೆ ಎಂದಾದರೊಂದು ದಿನ ಅದನ್ನು ಎತ್ತರ ಮಾಡಿಸುವ ಚಪಲ ಹತ್ತುತ್ತದೆ. ನಮ್ಮ ಭಾವನಿಗೂ ಹತ್ತಿತು. ಕೊಲ್ಲೂರಿನಿಂದ ಕೊಡಚಾದ್ರಿಗೆ, ಅಂದರೆ 1343 ಮೀಟರಿನ ಬೆಟ್ಟಕ್ಕೆ, ಜನರನ್ನು ಕುಲುಕಿಸಿಕೊಂಡು ಹತ್ತುವ ಜೀಪುಗಳನ್ನು ನೋಡಿ ಬಂದ ಮೇಲೆ ತಮ್ಮ ಎಂಎಂ 540 ತೀರಾ ಕುಳ್ಳಗೆ ಕಂಡಿತಂತೆ. ಪ್ಲೇಟಿನ ಕಟ್ಟಿಗೆ ಇನ್ನೊಂದು ಪ್ಲೇಟು, ಉದ್ದದ ಶ್ಯಾಕಲ್ಲು, ದಪ್ಪ ಟೈರು. ಜೀಪು ಮೂರು ಇಂಚು ಮೇಲೆದ್ದಿತು, ಭಾವ ಅದಕ್ಕಿಂತ ಜಾಸ್ತಿ. ಅಕ್ಕ ಮಾತ್ರ ಹತ್ತಲಿಕ್ಕೆ ಸ್ಟೂಲು ಕೇಳಿದಳು. ಕಂಪನಿಯ ಅಳತೆ ಬದಲಿಸುವುದರ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಏನು ಹೇಳುತ್ತದೆಂಬ ಮಾತನ್ನು ಆ ಸಂಭ್ರಮದಲ್ಲಿ ಯಾರೂ ತೆಗೆಯಲಿಲ್ಲ.

ಎಲ್ಲವನ್ನೂ ಉದ್ದ ಮಾಡಿದವರು ಹಿಂದಿನ ಶಾಕ್ ಅಬ್ಸಾರ್ಬರನ್ನು ಹಳೇ ಅಳತೆಯಲ್ಲೇ ಬಿಟ್ಟಿದ್ದರು. ಜೀಪು ಸುಮ್ಮನೆ ನಿಂತಾಗಲೇ ಅದು ಮುಕ್ಕಾಲುಪಾಲು ಹಿಗ್ಗಿರುತ್ತಿತ್ತು. ಚಕ್ರ ಹೊಂಡಕ್ಕಿಳಿದಾಗ ಆಕ್ಸಲ್ಲು ಇನ್ನೂ ಕೆಳಗೆ ಹೋಗಬೇಕು, ಶಾಕು ಬಿಡಬೇಕಲ್ಲ? ತೂಗಾಟ ತಡೆಯಬೇಕಾದ ಸಾಮಾನು ಆಕ್ಸಲ್ಲಿನ ಭಾರ ಹೊತ್ತು ನೇತಾಡತೊಡಗಿತು. ಪ್ರತಿ ಹೊಂಡಕ್ಕೂ ಒಂದು ಜಗ್ಗು, ಜಗ್ಗಿದ್ದೆಲ್ಲ ಚಾಸಿಗೆ ಕಚ್ಚಿಕೊಂಡ ಅಂಗೈಯಗಲದ ಬ್ರಾಕೆಟ್ಟಿಗೆ. ಮದುವೆ ಮನೆಯಲ್ಲಿ ಮೂರು ದಿನ ಓಡಾಡಿಯೂ ಒಂದು ಫೋಟೋದಲ್ಲಿಯೂ ಸಿಗದ ಚಿಕ್ಕಪ್ಪನಂಥದು ಈ ಬ್ರಾಕೆಟ್ಟು.

ಮೊದಲು 'ಟಣ್' ಎಂಬ ಸದ್ದು ಬಂತು. ಭಾವ ಆ ಅಪವಾದವನ್ನು ಟೂಲ್ಸಿನ ಪೆಟ್ಟಿಗೆಯ ಮೇಲೆ ಹೊರಿಸಿದರು. ಪೆಟ್ಟಿಗೆ ಇಳಿಸಿದ ಮೇಲೂ ಸದ್ದು ನಿಲ್ಲದಾಗ ತೀರ್ಥಹಳ್ಳಿಯ ವೆಲ್ಡಿಂಗ್ ಶೆಡ್ಡಿಗೆ ಹೋದೆವು. ಅಲ್ಲಿಯ ಹಿರಿಯರು ಗೋಣಿ ಹಾಸಿ ಕೆಳಗೆ ನುಸುಳಿ, ಕೆಸರು ಕೆರೆದು, ಟಾರ್ಚು ಬಿಟ್ಟರು. ಬೆಸುಗೆ ಗಟ್ಟಿಯಾಗಿಯೇ ಇತ್ತು. ಅದರ ಪಕ್ಕದ ತಗಡಿನಲ್ಲಿ ಕೂದಲೆಳೆಯಷ್ಟು ಬಿರುಕು, ಬುಡದಲ್ಲಿ ತುಕ್ಕಿನ ಕೆಂಪು, ತುದಿಯಲ್ಲಿ ಹೊಸ ಬೆಳ್ಳಿ ಹೊಳಪು. ಅಂದರೆ ಇನ್ನೂ ಓಡುತ್ತಲೇ ಇದೆ. ಬೋಲ್ಟಿನ ತೂತು ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿತ್ತು, ಬುಷ್ಷಿನ ರಬ್ಬರು ಪುಡಿಪುಡಿ.

"ಹಂಗೇ ಒಂದು ಟಾಕಾ ಹೊಡೀರಿ ಮಾರಾಯ್ರೆ" ಎಂದರು ಭಾವ.

"ಹೊಡೀಬಹುದು ಹೆಗ್ಡೇರೇ. ಮಳೆಗಾಲ ಮುಗಿಯೋದ್ರೊಳಗೆ ವಾಪಸ್ ಬರ್ತೀರಿ. ನಂಗೇನು ಲುಕ್ಸಾನಿಲ್ಲ."

ಈ ಮಾತಿಗೆ ನಾನು ಹಿರಿಯರ ಪಕ್ಷ. ಬ್ರಾಕೆಟ್ಟು ಎಷ್ಟು ಗಟ್ಟಿಮಾಡಿದರೂ ಶಾಕು ಗಿಡ್ಡವಿದ್ದರೆ ಮುಂದಿನ ಸಲ ಹರಿಯುವುದು ಚಾಸಿ. ಅವರು ಬ್ಯಾಟರಿ ಟರ್ಮಿನಲ್ಲು ಬಿಚ್ಚಿಸಿದರು. ಇಲ್ಲದಿದ್ದರೆ ವೆಲ್ಡಿಂಗಿನ ಕರೆಂಟು ಆಲ್ಟರ್ನೇಟರನ್ನು ಸುಡಬಹುದಂತೆ. ಡೀಸೆಲ್ ಪೈಪು ಸರಿಸಿದರು. ಬಿರುಕು ಮುಂದೆ ಓಡದಂತೆ ತುದಿಯಲ್ಲಿ ಸಣ್ಣ ತೂತು ಕೊರೆದು, ಗ್ರೈಂಡರಿನಲ್ಲಿ ಗೀರು ಬಿಡಿಸಿ ಬೆಸುಗೆ ತುಂಬಿದರು. ಮೇಲಿಂದ ಮೂಲೆ ಉರುಟು ಮಾಡಿದ ಪ್ಯಾಚು. ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ಹೊಸ ಬಿರುಕು ಹುಟ್ಟುತ್ತದೆ.

ಆಮೇಲೆ ಚಾಸಿಗೆ ಜಾಕಿ ಕೊಟ್ಟು, ಆಕ್ಸಲ್ಲು ಪೂರ್ತಿ ಜೋತುಬೀಳಲು ಬಿಟ್ಟು ಟೇಪು ಹಿಡಿದರು. ಉದ್ದದ ಶಾಕು ಎಂದು ಸಿಕ್ಕಿದ್ದನ್ನು ತರುವಂತಿಲ್ಲ. ಪೂರ್ತಿ ಕುಗ್ಗಿದಾಗ ಅದು ಬಂಪ್ ರಬ್ಬರಿಗಿಂತ ಮೊದಲು ತಳ ಮುಟ್ಟಬಾರದು. ಹಾಗೆ ಅಳೆಯುವಾಗಲೇ ಹಿಂದಿನ ಬ್ರೇಕ್ ಹೋಸು ತಂಬೂರಿ ತಂತಿಯಷ್ಟು ಬಿಗಿದಿರುವುದು ಕಂಡದ್ದು. ಭಾವ ಅದಕ್ಕೆ ತುಟಿಪಿಟಕ್ಕೆನ್ನದೆ ದುಡ್ಡು ಕೊಟ್ಟರು. ಹೊಸ ಶಾಕು ಮಾತ್ರ ಹಳದಿ ಬಣ್ಣದ್ದೇ ಆಗಬೇಕೆಂದು ಹಟ ಹಿಡಿದು ಕೂತರು.