ಡಬ್ಬಿಯ ಮೇಲಿನ ಡಬ್ಲ್ಯೂ

ಧನುರ್ಮಾಸದ ಒಂದು ಮುಂಜಾವಿನಲ್ಲಿ, ಚೆನ್ನೈನ ಟಿ. ನಗರದ ನಮ್ಮ ಮನೆಯ ಕೊಬ್ಬರಿ ಎಣ್ಣೆಯು ಸೀಸೆಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿರಲು, ಅದನ್ನು ಬಿಸಿನೀರಿನ ತಂಬಿಗೆಯಲ್ಲಿ ನಿಲ್ಲಿಸಿ ಕರಗಿಸುವ ಕಾರ್ಯದಲ್ಲಿ ನಾನು ನಿರತನಾಗಿದ್ದಾಗ, ಕಾರನ್ನು ಮಾರಿದ ಮೇಲೂ ಶೆಡ್ಡನ್ನು ಬಿಟ್ಟು ಕದಲದಿದ್ದ ಎಂಜಿನ್ ಆಯಿಲಿನ ಡಬ್ಬಿಯೊಂದು ನಕ್ಕಂತಾಯಿತು. ನಕ್ಕವರನ್ನು ಮಾತನಾಡಿಸದೆ ಬಿಡುವುದು ನನ್ನ ಸ್ವಭಾವವಲ್ಲ.

— ನಗುವಿಗೆ ಕಾರಣವೇನು, ತೈಲವರ್ಯರೆ?

— 24 ಡಿಗ್ರಿಗೇ ಶರಣಾಗತವಾಯಿತಲ್ಲ ನಿಮ್ಮ ಕೊಬ್ಬರಿ ಎಣ್ಣೆ, ಅದಕ್ಕೆ. ನನ್ನ ಹಣೆಬರಹವನ್ನು ಓದಿರಿ: 20ಡಬ್ಲ್ಯೂ-50. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಸೊನ್ನೆಗಿಂತ 15 ಡಿಗ್ರಿ ಕೆಳಗೆ ಎಂಜಿನ್ನನ್ನು ತಿರುಗಗೊಡುವೆನೇ, 20 ಡಿಗ್ರಿ ಕೆಳಗೆ ಪಂಪಿಗೆ ಹರಿದುಬರುವೆನೇ ಎಂದು ಪರೀಕ್ಷಿಸಿ ದಯಪಾಲಿಸಿದ ಬಿರುದು.

— ಈ ಊರಿನ ಚಳಿಯ ಪರಾಕಾಷ್ಠೆಯೆಂದರೆ 1905ರ ಜನವರಿಯ 13.9 ಡಿಗ್ರಿ. ಇಲ್ಲಿ ಆ ಬಿರುದಿನಿಂದ ಏನು ಪ್ರಯೋಜನ?

— ಸರ್ ಪಿಟ್ಟಿ ತ್ಯಾಗರಾಯ ಚೆಟ್ಟಿಯವರಂಥವರೇ ಒಂದು 'ಟಿ' ಆಗಿ ಉಳಿದಿರುವ ಬಡಾವಣೆಯಲ್ಲಿ, ಚಳಿಗಾಲವೊಂದು 'ಡಬ್ಲ್ಯೂ' ಆಗಿ ಉಳಿದರೆ ತಮಗೇನು ಕಷ್ಟ?

— ಹಾಗಾದರೆ ತಾವು ಹೆಪ್ಪುಗಟ್ಟುವುದೇ ಇಲ್ಲವೋ?

— (ಕೊಂಚ ದನಿ ತಗ್ಗಿಸಿ) ಕಚ್ಚಾ ತೈಲದಿಂದ ಬಂದ ಮೇಣದ ಶೇಷ ನಮ್ಮಲ್ಲಿಯೂ ಉಂಟು. ಕೊಬ್ಬರಿ ಎಣ್ಣೆ ಮೈಯೆಲ್ಲ ಗಟ್ಟಿಯಾಗುತ್ತದೆ. ನಮ್ಮಲ್ಲಾದರೋ ಅತ್ಯಲ್ಪ ಮೇಣವು ಹರಳುಗಟ್ಟಿ, ಕೈಗೆ ಕೈ ಬೆಸೆದು ಬಲೆ ನೆಯ್ದರೆ ಸಾಕು, ಉಳಿದ ದ್ರವವೆಲ್ಲ ಅದರೊಳಗೆ ಸೆರೆ. ಥಟ್ಟನೆ ಬಂದೆರಗುವ ಚಳಿಯಲ್ಲಿ ಹರಳುಗಳಿಗೆ ಹಾಗೆ ನೆಯ್ಯುವ ವ್ಯವಧಾನವಿರದು. ಅಲುಗಾಡಿಸುವವರಿಲ್ಲದ ಮೂಲೆಯಲ್ಲಿ, ದಿನಗಟ್ಟಲೆ ಮೆಲ್ಲನೆ ಇಳಿದು, ಹಗಲು ತುಸು ಏರಿ, ಇರುಳು ಮರಳಿ ಇಳಿಯುವ ಚಳಿಯುಂಟಲ್ಲ, ಅದೇ ನಮಗೆ ಮೃತ್ಯು. ಅಮೆರಿಕದ ಸೂ ಫಾಲ್ಸ್ ನಗರದಲ್ಲಿ 1980-81ರ ಚಳಿಗಾಲದಲ್ಲಿ, ಪ್ರಯೋಗಶಾಲೆಯಲ್ಲಿ ಉತ್ತೀರ್ಣರಾಗಿದ್ದ ನಮ್ಮವರೇ ಎಂಜಿನ್ನಿನ ತಳದಲ್ಲಿ ಕುಳಿತಲ್ಲಿಯೇ ಲೋಳೆಗಟ್ಟಿದರು. ಪಂಪು ಒಂದು ಗುಟುಕು ಎಳೆದುಕೊಂಡ ಜಾಗವು ಕುಳಿಯಾಗಿಯೇ ಉಳಿಯಿತು. ಪಕ್ಕದ ತೈಲ ಸರಿದು ಬಂದು ಅದನ್ನು ತುಂಬಲಿಲ್ಲ. ಪಂಪು ಗಾಳಿ ಕುಡಿಯಿತು, ಎಂಜಿನ್ನುಗಳು ಕೆಟ್ಟವು.

(ಒಬ್ಬನೆದ್ದು ಹೋದ ಕುರ್ಚಿಗೆ ಪಕ್ಕದವನು ಸರಿಯದ ಕಛೇರಿಯೊಂದರಲ್ಲಿ ಮೂವತ್ತು ವರ್ಷ ಸೇವೆ ಸಲ್ಲಿಸಿದವನಾದುದರಿಂದ, ಈ ವಿದ್ಯಮಾನಕ್ಕೆ ನನಗೆ ವ್ಯಾಖ್ಯಾನ ಬೇಕಾಗಲಿಲ್ಲ.)

— ಪರೀಕ್ಷಕರು ಏನೆಂದರು?

— 45 ಗಂಟೆಗೂ ಮೀರಿ ಮೆಲ್ಲಮೆಲ್ಲನೆ ತಣಿಸಿ ನೋಡುವ ಹೊಸ ಪರೀಕ್ಷೆಯನ್ನಿಟ್ಟರು. ಹರಳು ಹರಳನ್ನು ಕೂಡದಂತೆ ತಡೆಯುವ ಮದ್ದನ್ನು ಕಾರ್ಖಾನೆಯಲ್ಲಿಯೇ ಬೆರೆಸುವುದೂ ಉಂಟು.

— ಹೆಪ್ಪುಗಟ್ಟಿದ ಮೇಲೆ?

— ಬೆಚ್ಚಗೆ ಮಾಡಿದರೆ ಮೇಣ ಕರಗುತ್ತದೆ; ಚೆನ್ನಾಗಿ ಕಲಕಿದರೂ ಬಲೆ ಹರಿಯುತ್ತದೆ. ಅದಿರಲಿ, ಕಾರೇ ಇಲ್ಲದ ಈ ಶೆಡ್ಡಿನಲ್ಲಿ ನಾನು ಇನ್ನೆಷ್ಟು ಕಾಲ ಕುಳಿತಿರಬೇಕು, ಸ್ವಾಮಿ?

ವಿಷಯವು ಪರಿಶೀಲನೆಯಲ್ಲಿದೆ ಎಂಬ ಮಾತು, ಅಭ್ಯಾಸಬಲದಿಂದ, ನನ್ನ ಬಾಯಿಂದ ಹೊರಟುಹೋಯಿತು.